ನಮ್ಮೂರ ಅರಿವು ಕೇಂದ್ರ: ಐದಕ್ಕೆ ಮೂರೂವರೆ ಸ್ಟಾರ್

ಮನೆ ಕಂದಾಯ ಕಟ್ಟಿದ ರಸೀದಿಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ಕಂದಾಯದ ಕೆಳಗೆ ಸಣ್ಣ ಸಣ್ಣ ಕರಗಳ ಸಾಲಿದೆ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು. ಕಂದಾಯದ ಶೇ 6. ಅಂದರೆ ₹500 ಕಂದಾಯ ಇದ್ದವರು ₹30 ಕೊಡುತ್ತೇವೆ. ಹಳ್ಳಿ ಗ್ರಂಥಾಲಯ (ಈಗ ಅದನ್ನೇ ಅರಿವು ಕೇಂದ್ರ ಅನ್ನುತ್ತಾರೆ) ಸರ್ಕಾರದವರು ಸುಮ್ನೆ ಕೊಟ್ಟಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸುಮ್ನೆ ಕೊಟ್ಟಿದ್ದಲ್ಲ, ದುಡ್ಡು ನಮ್ಮದೂ ಇದೆ. ದೋಸೆ ಕ್ಯಾಂಪಿಗೆಲ್ಲ ಸ್ಟಾರ್ ಕೊಡ್ತೀವಿ, ಇದಕ್ಕೂ ಕೊಡಬೇಕು ಅಲ್ವಾ?

ನಮ್ಮದು ತಿಪಟೂರು ಕಡೆಯ ಒಂದು ಹೋಬಳಿ ಊರು. ನನಗೊಂದು ಟೈಲರಿಂಗ್ ಅಂಗಡಿ ಇದೆ, ಅರಿವು ಕೇಂದ್ರದ ಎದುರಿಗೇ. ಮಷಿನ್ ಮುಂದೆ ಕೂತರೆ ನೇರ ಅದರ ಬಾಗಿಲು ಕಾಣುತ್ತದೆ. ಯಾರು ಒಳಗೆ ಹೋದರು, ಯಾರು ಬಾಗಿಲಿನ ತನಕ ಬಂದು ವಾಪಸ್ ಹೋದರು, ಎಲ್ಲಾ ನನ್ನ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಈ ವಿಮರ್ಶೆ ಓದುಗಾರ್ತಿಯದ್ದು ಅರ್ಧ, ಎದುರಂಗಡಿಯವಳದ್ದು ಅರ್ಧ.

ಮೊದಲು ಇದು ಗ್ರಂಥಾಲಯ ಇಲಾಖೆಯ ಕೈಯಲ್ಲಿತ್ತು. ಒಂದು ಕೋಣೆ, ಎರಡು ಬೆಂಚು, ದಿನಪತ್ರಿಕೆ, ಬೀಗ ಹಾಕಿದ ಬೀರು. ಬೀರುವಿನ ಬೀಗದ ಕೈ ಎಲ್ಲಿತ್ತೋ ಕೇಳಿದವರಿಲ್ಲ. 2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಮರುವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಅಂತ ಶುರು ಮಾಡಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಆಗ ಬಂತು ನೋಡಿ ಕಳೆ. ಬೀರು ತೆರೆಯಿತು, ಗೋಡೆಗೆ ಬಣ್ಣ ಬಿತ್ತು, ಸಂವಿಧಾನದ ಪೀಠಿಕೆ ಬರೆಸಿದರು, ಚೆಸ್ ಬೋರ್ಡ್ ಬಂತು, ಕಂಪ್ಯೂಟರ್ ಬಂತು.

ಪುಸ್ತಕದ ವಿಷಯ ಬೇಗ ಮುಗಿಸುತ್ತೇನೆ. ಮಕ್ಕಳ ಕಥೆ ಪುಸ್ತಕ ಚೆನ್ನಾಗಿವೆ. ಕೆಲಸಕ್ಕೆ ಪರೀಕ್ಷೆ ಬರೆಯುವ ಹುಡುಗರಿಗೆ ಮಾಸಪತ್ರಿಕೆ, ಗೈಡುಗಳು ಇವೆ, ಆದರೆ ಅರ್ಧ ಹಳೆಯವು. ದೊಡ್ಡವರಿಗೆ ಕಾದಂಬರಿ ಕಡಿಮೆ. ದಾನವಾಗಿ ಬಂದ ಪುಸ್ತಕಗಳನ್ನು ನೋಡಿದರೆ ಕೊಟ್ಟವರು ಮನೆ ಖಾಲಿ ಮಾಡಿದ್ದಾರೆ ಅನ್ನಿಸುತ್ತದೆ. ಎಂಜಿನಿಯರಿಂಗ್ ಪಠ್ಯ ನಮ್ಮೂರಲ್ಲಿ ಯಾರಿಗೆ ಬೇಕು? ಕಂಪ್ಯೂಟರ್ ಕರೆಂಟ್ ಇದ್ದಾಗ ಚೆನ್ನಾಗಿ ನಡೆಯುತ್ತದೆ.

ಇಷ್ಟೇ ಆಗಿದ್ದರೆ ಎರಡು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ.

ಇಲ್ಲಿಯ ನಿಜವಾದ ಸರಕು ಬಾಗಿಲ ಪಕ್ಕದ ನೋಟಿಸ್ ಬೋರ್ಡು. ಮೇಲ್ವಿಚಾರಕಿ ಮೇಡಂ ಒಂದು ಒಳ್ಳೆ ಅಭ್ಯಾಸ ಮಾಡಿದ್ದಾರೆ. ಪಂಚಾಯಿತಿಯಿಂದ ಬರುವ ಕಾಗದವನ್ನು ಹಾಗೇ ಅಂಟಿಸುವುದಿಲ್ಲ. ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ನಾಲ್ಕು ಸಾಲು ಬರೆದು ಹಾಕುತ್ತಾರೆ. ‘ವಾರ್ಡ್ ಸಭೆ ಗುರುವಾರ 11ಕ್ಕೆ, ಅರಳಿಕಟ್ಟೆ ಹತ್ತಿರ. ಉದ್ಯೋಗ ಖಾತರಿಯಲ್ಲಿ ಏನು ಕೆಲಸ ಬೇಕು, ಅಲ್ಲೇ ಹೇಳಬೇಕು.’ ಇಷ್ಟೇ. ಬೆಳಿಗ್ಗೆ ಕೊಬ್ಬರಿ ರೇಟು ನೋಡಲು ಬರುವ ತಾತಂದಿರು ಪೇಪರ್ ಮುಗಿಸಿ ಅದನ್ನೂ ಓದುತ್ತಾರೆ. ಆಮೇಲೆ ನನ್ನ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಅದರ ಮೇಲೆ ಜಗಳ ಆಡುತ್ತಾರೆ. ಹನ್ನೊಂದು ಗಂಟೆಯೊಳಗೆ ಊರಿಗೆಲ್ಲ ಸುದ್ದಿ.

ಇದರಿಂದ ಏನಾಯಿತು ಅಂತ ಹೇಳುತ್ತೇನೆ. ಗ್ರಾಮ ಸಭೆ ನಡೆಯಬೇಕಾದರೆ ಕೋರಂ ಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಮೊದಲು ನಮ್ಮಲ್ಲಿ ಅಷ್ಟು ತಲೆ ಸೇರುತ್ತಲೇ ಇರಲಿಲ್ಲ. ಸಭೆ ಆದಮೇಲೆ ಹಾಜರಿ ಪುಸ್ತಕ ಮನೆ ಮನೆಗೆ ಬರುತ್ತಿತ್ತು. ‘ಅಕ್ಕಾ, ಇಲ್ಲೊಂದು ಸೈನ್ ಹಾಕಿ’ ಅಂದರೆ ನಾವೂ ಏನು ಎತ್ತ ಕೇಳದೆ ಹಾಕುತ್ತಿದ್ದೆವು. ಮನೆ ಇಲ್ಲದವರ ಪಟ್ಟಿ ಗ್ರಾಮ ಸಭೆಯಲ್ಲೇ ತೀರ್ಮಾನ ಆಗಬೇಕು ಅನ್ನುವುದು ಆಗ ಎಷ್ಟು ಜನಕ್ಕೆ ಗೊತ್ತಿತ್ತು? ಕಳೆದ ಸಲ ಪಟ್ಟಿ ಓದುವಾಗ ಹಿಂದಿನ ಸಾಲಿನಿಂದ ಒಬ್ಬ ತಾತ ಎದ್ದು ನಿಂತರು. ‘ಈ ಮೂರನೇ ಹೆಸರಿನವನಿಗೆ ಬೆಂಗಳೂರಲ್ಲಿ ಸೈಟ್ ಇದೆ ಕಣ್ರಪ್ಪ’ ಅಂದರು. ಗದ್ದಲವೋ ಗದ್ದಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಸಾಹೇಬರು ಆ ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಕೊನೆಗೆ ತೆಗೆದರೋ ಬಿಟ್ಟರೋ, ಮುಂದಿನ ಸಭೆಯಲ್ಲಿ ಕೇಳುವವರು ಈಗ ಇದ್ದಾರೆ.

ಮಕ್ಕಳ ಗ್ರಾಮ ಸಭೆಯದ್ದು ಇನ್ನೂ ಜೋರು. ಅರಿವು ಕೇಂದ್ರಕ್ಕೆ ಬರುವ ಹೈಸ್ಕೂಲ್ ಹುಡುಗಿಯರು ಅಲ್ಲೇ ಕೂತು ಪ್ರಶ್ನೆಗಳನ್ನು ಬರೆದುಕೊಂಡು ಹೋದರು. ಬಸ್ ಸ್ಟಾಪಿನಲ್ಲಿ ಲೈಟ್ ಇಲ್ಲ, ಸಂಜೆ ಟ್ಯೂಷನ್ ಮುಗಿಸಿ ಬರಲು ಭಯ ಆಗುತ್ತದೆ ಅಂತ ಒಬ್ಬಳು ಮೈಕ್ ಹಿಡಿದು ಹೇಳಿದಳು. ದೊಡ್ಡವರು ಅದೇ ಲೈಟಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟಿದ್ದರು. ಇವಳು ಕೇಳಿದ ತಿಂಗಳೊಳಗೆ ಬಲ್ಬು ಬಂತು. ಸಭೆಯ ಫೋಟೊ ಪೇಪರಿನಲ್ಲಿ ಬಂದಿದ್ದಕ್ಕೋ ಏನೋ! ಇರಲಿ, ಬೆಳಕಂತೂ ಬಂತು.

ಈಗ ಸ್ಟಾರ್ ಎಲ್ಲಿ ಕತ್ತರಿಸಿದೆ ಅಂತ ಕೇಳಿ.

ಪೂರ್ತಿ ಒಂದು ಸ್ಟಾರ್ ಹೋಗುವುದು ಹೆಂಗಸರ ವಿಷಯಕ್ಕೆ. ಪಂಚಾಯಿತಿಯಲ್ಲಿ ಅರ್ಧ ಸೀಟು ನಮಗೆ ಮೀಸಲು, ಗ್ರಾಮ ಸಭೆಯಲ್ಲೂ ಬಂದವರಲ್ಲಿ ಶೇ 30 ಹೆಂಗಸರಿರಬೇಕು ಅಂತ ನಿಯಮ. ಆದರೆ ಅರಿವು ಕೇಂದ್ರದ ಬೆಂಚಿನ ಮೇಲೆ ನಡುವಯಸ್ಸಿನ ಒಬ್ಬ ಹೆಂಗಸು ಕೂತಿದ್ದನ್ನು ನಾನು ನೋಡಿದ್ದೇ ಅಪರೂಪ. ಬಾಗಿಲು ತೆರೆಯುವುದು ಬೆಳಿಗ್ಗೆ, ಆಮೇಲೆ ಸಂಜೆ. ಎರಡೂ ಒಲೆ ಮುಂದೆ ಇರುವ ಹೊತ್ತು. ಊಟ ಮುಗಿದು ಬಿಡುವಾಗುವ ಎರಡು ಮೂರು ಗಂಟೆಗೆ ಬೀಗ. ಶೌಚಾಲಯ ಇದೆ, ನೀರಿಲ್ಲ. ಒಳಗೆ ಕಾಲು ಚಾಚಿ ಕೂತ ಗಂಡಸರ ಮಧ್ಯೆ ಹೋಗಿ ಪೇಪರ್ ಎತ್ತಿಕೊಳ್ಳಲು ನಮ್ಮೂರಿನ ಹೆಂಗಸರಿಗೆ ಇನ್ನೂ ಸಂಕೋಚ. ಅವರೆಲ್ಲ ನನ್ನ ಅಂಗಡಿಗೆ ಬಂದು ‘ಬೋರ್ಡಲ್ಲಿ ಏನು ಬರೆದವ್ರೆ’ ಅಂತ ಕೇಳುತ್ತಾರೆ. ಬ್ಲೌಸ್ ಅಳತೆ ತಗೊಳ್ತಾ ವಾರ್ಡ್ ಸಭೆ ದಿನ ಹೇಳುತ್ತೇನೆ. ಇದಕ್ಕೆ ನನಗೆ ಯಾವ ಕರದಲ್ಲೂ ಪಾಲಿಲ್ಲ!

ಮೇಡಂಗೆ ಹೇಳಿದೆ, ವಾರದಲ್ಲಿ ಒಂದು ದಿನವಾದರೂ ಮಧ್ಯಾಹ್ನ ತೆಗೀರಿ ಅಂತ. ‘ಅಕ್ಕಾ, ಟೈಮು ಬದಲಾಯಿಸೋದು ನನ್ನ ಕೈಲಿಲ್ಲ, ನೀವೇ ಸಭೆಯಲ್ಲಿ ಕೇಳಿ’ ಅಂದರು. ಸರಿಯಾದ ಮಾತೇ. ಸ್ವಸಹಾಯ ಸಂಘದ ಎಂಟು ಜನ ಸೇರಿ ಅರ್ಜಿ ಬರೆದಿದ್ದೇವೆ, ಮಹಿಳಾ ಗ್ರಾಮ ಸಭೆಗೆ ಕೊಡಬೇಕು.

ಉಳಿದ ಅರ್ಧ ಸ್ಟಾರ್ ಹೋಗುವುದು ಫ್ಯಾನಿನ ಸದ್ದಿಗೆ, ಮತ್ತೆ ಗ್ರಂಥಾಲಯ ಕರ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಅದೇ ಬೋರ್ಡಿನಲ್ಲಿ ಬರೆಯದೆ ಇರುವುದಕ್ಕೆ. ಸ್ಕೆಚ್ ಪೆನ್ನು ಹೇಗೂ ಇದೆ.

ಹೋಗಬಹುದಾ? ಖಂಡಿತ ಹೋಗಿ. ನಮ್ಮಲ್ಲಿ ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಆಧಾರ್ ಜೆರಾಕ್ಸ್, ಒಂದು ಫೋಟೊ ಇಟ್ಟುಕೊಂಡಿರಿ, ಅವತ್ತೇ ಸದಸ್ಯತ್ವ ಮಾಡಿಕೊಡುತ್ತಾರೆ. ಚೆಸ್ ಆಡುವುದಾದರೆ ಬೇಗ ಹೋಗಿ, ಐದರ ಮೇಲೆ ಬೋರ್ಡು ಸಿಗಲ್ಲ. ಕುಡಿಯುವ ನೀರು ಮಾತ್ರ ನೀವೇ ತಗೊಂಡು ಹೋಗಿ.