ಪಿಟೀಲು ತಯಾರಿಕೆ ಕಲಿಸುತ್ತೇವೆಂದು ಮುಂಗಡ ಕೇಳುವವರಿಗೆ ಹಣ ಕೊಡುವ ಮೊದಲು ಇದನ್ನು ಓದಿ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಸಂಗೀತಾಸಕ್ತರ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಾಹೀರಾತು ಮತ್ತೆ ಹರಿದಾಡುತ್ತಿದೆ. ಪಿಟೀಲು ತಯಾರಿಕೆ, ಸೆಟಪ್ (ವಾದ್ಯವನ್ನು ನುಡಿಸಲು ಹದಗೊಳಿಸುವುದು) ಮತ್ತು ನಾದ ಹೊಂದಾಣಿಕೆಯ ವಾರಾಂತ್ಯದ ತರಗತಿ, ಮರವೂ ಉಪಕರಣವೂ ನಮ್ಮದೇ, ಕೊನೆಗೆ ನೀವೇ ಕೆತ್ತಿದ ಪಿಟೀಲು ನಿಮ್ಮ ಕೈಯಲ್ಲಿ ಎಂದು ಅದರಲ್ಲಿದೆ. ಕಳೆದ ತಂಡದಲ್ಲಿ ನಾನಿದ್ದೆ. ಹಣ ಹೋಯಿತು, ಕಲಿಕೆ ಏನೂ ಆಗಲಿಲ್ಲ, ಅದಕ್ಕಿಂತ ದೊಡ್ಡ ನಷ್ಟವೆಂದರೆ ನನ್ನ ಅಜ್ಜ ನುಡಿಸುತ್ತಿದ್ದ ಪಿಟೀಲಿನ ಮೇಲ್ಹಲಗೆ ಸೀಳಿಹೋಯಿತು. ದೂರು ಕೊಡಲು ಹೊರಟಿರುವುದರಿಂದ ನಡೆಸುವವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನಮ್ಮ ಜಿಲ್ಲೆಯಲ್ಲಿ ಪಿಟೀಲು ಇಟ್ಟುಕೊಂಡವರ ಕಷ್ಟ ಎಲ್ಲರಿಗೂ ಗೊತ್ತು. ಆಟಿ ತಿಂಗಳ ಮಳೆಗೆ ಬಿರಡೆಗಳು ಉಬ್ಬಿ ತಿರುಗುವುದೇ ಇಲ್ಲ, ಬೇಸಗೆ ಬಂತೆಂದರೆ ಅವೇ ಬಿರಡೆಗಳು ನಿಲ್ಲದೆ ಜಾರುತ್ತವೆ. ಅಂಚಿನ ಅಂಟು ಬಿಟ್ಟರೆ ಮಂಗಳೂರಿಗೆ ಹೋಗಬೇಕು, ಅಲ್ಲಿಯೂ ಆಗದಿದ್ದರೆ ಚೆನ್ನೈಗೆ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕು. ಮಕ್ಕಳಿಗೆ ಪಾಠ ಹೇಳುವ ನನ್ನಂಥವರಿಗೆ ತಂತಿಗಳನ್ನು ಹೊರುವ ಮರದ ತುಂಡಾದ ಕುದುರೆಯನ್ನು ಸರಿಯಾಗಿ ನಿಲ್ಲಿಸಲು, ಪಿಟೀಲಿನೊಳಗೆ ಬಿದ್ದ ಸೌಂಡ್ ಪೋಸ್ಟ್ ಎಂಬ ಕಡ್ಡಿಯನ್ನು ಎತ್ತಿ ಕೂರಿಸಲು ಬಂದರೆ ಅದೇ ದೊಡ್ಡ ವಿದ್ಯೆ. ಈ ಜನ ಆ ಅಗತ್ಯವನ್ನೇ ಹಿಡಿದುಕೊಂಡು ಹಣ ಮಾಡುತ್ತಿದ್ದಾರೆ. ನನ್ನ ಸಿಟ್ಟಿಗೆ ಮೊದಲ ಕಾರಣ ಇದು.

ತರಗತಿ ಶುರುವಾಗುವ ಮೊದಲೇ ಪೂರ್ತಿ ಶುಲ್ಕ ಕೊಡಬೇಕಿತ್ತು. ರಸೀದಿ ಕೇಳಿದಾಗ ‘ಎಲ್ಲರಿಗೂ ಒಟ್ಟಿಗೆ ಕೊಡುತ್ತೇವೆ’ ಎಂದರು, ಇಂದಿನವರೆಗೆ ಯಾರಿಗೂ ಕೊಟ್ಟಿಲ್ಲ. ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಮರದ್ದು, ಹಿಂದಿನ ಹಲಗೆ ಮೇಪಲ್ ಮರದ್ದು. ಎರಡೂ ನಮ್ಮ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಚಳಿನಾಡಿನಿಂದ ತಂದ, ವರ್ಷಗಟ್ಟಲೆ ಒಣಗಿಸಿದ ಹಲಗೆಯನ್ನು ಉಳಿಯಿಂದ ಕೆತ್ತುತ್ತಾ, ಬೆರಳಗಲದ ಸಣ್ಣ ಉಜ್ಜುಗೊರಡಿನಿಂದ ಹೆರೆಯುತ್ತಾ, ಹೆಚ್ಚುಕಡಿಮೆ 3 ಮಿಲಿಮೀಟರ್ ದಪ್ಪಕ್ಕೆ ಇಳಿಸುವುದನ್ನು ಕಲಿಯಲು ನಾವು ಹೋಗಿದ್ದೆವು. ಮೊದಲ ದಿನವೇ ಮೇಜಿನ ಮೇಲೆ ಸಾಲಾಗಿ ಇದ್ದದ್ದು ಆಗಲೇ ಅಂಟಿಸಿ ಮುಗಿಸಿದ, ಬಣ್ಣ ಮಾತ್ರ ಬಳಿಯದ ಬಿಳಿ ಪಿಟೀಲುಗಳು. ‘ನಿಮ್ಮ ಸಮಯ ಉಳಿಯಲಿ ಎಂದು ನಾವೇ ಕೆತ್ತಿ ಇಟ್ಟಿದ್ದೇವೆ’ ಎಂಬ ವಿವರಣೆ ಬಂತು. ಮರಳು ಕಾಗದ ತರಲೆಂದು ಹಿಂದಿನ ಕೋಣೆಗೆ ಹೋದ ಸಹಪಾಠಿಯೊಬ್ಬರಿಗೆ ಅವುಗಳ ರಟ್ಟಿನ ಪೆಟ್ಟಿಗೆಗಳೇ ಸಿಕ್ಕವು. ಆಮದಿನ ಚೀಟಿ, ಕಾರ್ಖಾನೆಯ ಮಾದರಿ ಸಂಖ್ಯೆ ಎಲ್ಲವೂ ಹಾಗೆಯೇ ಇತ್ತು. ಅದನ್ನು ಎತ್ತಿ ತೋರಿಸಿ ಕೇಳಿದರೆ ಬಂದ ಉತ್ತರ, ‘ಕ್ರೆಮೋನಾದಲ್ಲೂ ಹೀಗೆಯೇ ಕಲಿಸುವುದು.’ ಇಟಲಿಯ ಕ್ರೆಮೋನಾದಲ್ಲಿ 1938ರಿಂದ ಪಿಟೀಲು ತಯಾರಿಕೆಯ ಶಾಲೆ ಇದೆ, ಅಲ್ಲಿನ ವಿದ್ಯಾರ್ಥಿ ಮರದ ತುಂಡಿನಿಂದ ತೊಡಗಿ ವರ್ಷಗಳ ಕಾಲ ಕೆಲಸ ಮಾಡಿ ಹೊರಬರುತ್ತಾನೆ. ಕಾರ್ಖಾನೆಯ ಪಿಟೀಲಿಗೆ ಪೀಠೋಪಕರಣದ ಪಾಲಿಶನ್ನು ದಪ್ಪಗೆ ಬಳಿಸುವುದಕ್ಕೆ ಆ ಊರಿನ ಹೆಸರು ಹೇಳಿದ್ದನ್ನು ಕೇಳಿ ಸುಮ್ಮನೆ ಕುಳಿತಿರಬೇಕಾಯಿತಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ಸೆಟಪ್ ಪಾಠದಲ್ಲಾದರೂ ಏನಾದರೂ ಸಿಗುತ್ತದೆ ಎಂದುಕೊಂಡೆವು. ಕುದುರೆಯ ಎರಡು ಪಾದಗಳು ಮೇಲ್ಹಲಗೆಯ ಉಬ್ಬಿಗೆ ಕೂದಲೆಳೆಯ ಸಂದೂ ಇಲ್ಲದಂತೆ ಕೂರಬೇಕು, ಅದನ್ನು ಹರಿತವಾದ ಚಾಕುವಿನಿಂದ ಸ್ವಲ್ಪಸ್ವಲ್ಪವೇ ಕೆತ್ತಿ ಹೊಂದಿಸುತ್ತಾರೆ. ಅವರು ಹಲಗೆಯ ಮೇಲೆ ಮರಳು ಕಾಗದ ಇಟ್ಟು ಕುದುರೆಯನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿಸಿದರು. ಮೇಲಂಚು ಒಂದೂಕಾಲು ಮಿಲಿಮೀಟರಿನ ಆಸುಪಾಸಿಗೆ ತೆಳುವಾಗಬೇಕಾದದ್ದು ಅದರ ಎರಡರಷ್ಟು ದಪ್ಪ ಉಳಿಯಿತು. ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಶ್ರುತಿ ಮಾಡಿ, ಕಾಲ ಮೇಲೆ ಪಿಟೀಲಿನ ತಲೆಯನ್ನೂರಿ, ಬೆರಳು ಜಾರಿಸಿ ಗಮಕ ನುಡಿಸುವ ನಮಗೆ ತಂತಿಯ ಎತ್ತರ ಪಾಶ್ಚಾತ್ಯ ವಾದಕರಿಗಿಂತ ಬೇರೆಯೇ ಬೇಕಾಗುತ್ತದೆ. ಆ ವಿಷಯ ಎತ್ತಿದರೆ ‘ಅದೆಲ್ಲ ಅಡ್ವಾನ್ಸ್ ಕೋರ್ಸಿನಲ್ಲಿ’ ಎಂದು ಬಾಯಿ ಮುಚ್ಚಿಸಿದರು.

ಇನ್ನು ಸೌಂಡ್ ಪೋಸ್ಟಿನ ವಿಷಯ. ನನ್ನ ವಾದ್ಯ ಹಾಳಾದದ್ದು ಅದರಿಂದಲೇ, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಸುಮಾರು 6 ಮಿಲಿಮೀಟರ್ ದಪ್ಪದ ಈ ಸ್ಪ್ರೂಸ್ ಕಡ್ಡಿ ಪಿಟೀಲಿನ ಹೊಟ್ಟೆಯೊಳಗೆ, ತಾರ ತಂತಿಯ ಕಡೆಯ ಕುದುರೆ ಪಾದದ ಸ್ವಲ್ಪ ಹಿಂದೆ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಎರಡು ಹಲಗೆಗಳ ನಡುವಿನ ಒತ್ತಡವೇ ಅದನ್ನು ಹಿಡಿದಿರುವುದು. ಎರಡೂ ತುದಿಗಳನ್ನು ಒಳಮೈಯ ಬಾಗಿಗೆ ಸರಿಯಾಗಿ ಓರೆ ಕತ್ತರಿಸಬೇಕು, ಉದ್ದ ಹೆಚ್ಚಾಗಲೇಬಾರದು. ಕುದುರೆಯತ್ತ ಅರ್ಧ ಮಿಲಿಮೀಟರ್ ಸರಿದರೂ ನಾದ ಚುರುಕಾಗುತ್ತದೆ, ದೂರ ಸರಿದರೆ ಮೃದುವಾಗುತ್ತದೆ. ನಾದ ಹೊಂದಾಣಿಕೆ ಎಂದರೆ ಬಹುಪಾಲು ಈ ಕೆಲಸವೇ. ಇದನ್ನು ಅವರು ನಮ್ಮೆದುರು ಒಮ್ಮೆಯೂ ಮಾಡಿ ತೋರಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ಸ್ವಂತ ವಾದ್ಯ ತರಬೇಕೆಂಬ ಷರತ್ತು ಹಾಕಿ, ತಂದ ವಾದ್ಯವನ್ನು ಒಳಕೋಣೆಗೆ ಒಯ್ದು, ಬಾಗಿಲು ಮುಚ್ಚಿ, ಹೊರಗೆ ತಂದು ‘ಈಗ ಕೇಳಿ’ ಎನ್ನುತ್ತಿದ್ದರು. ಕಲಿಯಲು ಬಂದವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವುದು ಯಾವ ಊರಿನ ಪಾಠ?

ನನ್ನ ಪಿಟೀಲಿನ ಒಳಗೆ ಸ್ಟ್ರಾಡಿವೇರಿಯಸ್ ಹೆಸರಿನ ಚೀಟಿ ಇದೆ, ಕೆಳಗೆ ಮೇಡ್ ಇನ್ ಜರ್ಮನಿ ಎಂದೂ ಇದೆ. ಆ ಹೆಸರಿನ ಮೂಲವಾದ ಪ್ರಸಿದ್ಧ ಪಿಟೀಲು ತಯಾರಕ ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ, ಕ್ರೆಮೋನಾದಲ್ಲಿ. ಅವನ ಮಾದರಿಯಲ್ಲಿ ಜರ್ಮನಿ, ಬೊಹೀಮಿಯಾಗಳ ಕಾರ್ಯಾಗಾರಗಳು ರಾಶಿ ರಾಶಿ ಪಿಟೀಲು ಮಾಡಿ ಅದೇ ಚೀಟಿ ಅಂಟಿಸಿ ಮಾರಿದವು. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರ ನಂತರ ದೇಶದ ಹೆಸರೂ ಸೇರಿತು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದ ವಿಷಯ. ಅವರು ಚೀಟಿ ನೋಡಿದವರೇ ‘ಇದು ಲಕ್ಷಗಟ್ಟಲೆ ಬೆಲೆಯ ವಾದ್ಯ, ಇದಕ್ಕೆ ವಿಶೇಷ ರೆಸ್ಟೋರೇಶನ್ ಬೇಕು, ಶುಲ್ಕ ಬೇರೆ’ ಎಂದರು. ಅದು ಮಾದರಿಯ ಹೆಸರು ಮಾತ್ರ ಎಂದು ನಾನು ಹೇಳಿದಾಗ, ‘ಅದು ನಿಮಗೆ ಹೇಗೆ ಗೊತ್ತು? ಇಲ್ಲಿ ಕಲಿಸುವುದು ನಾವೋ ನೀವೋ?’ ಎಂದು ಎಲ್ಲರೆದುರು ಕೇಳಿದರು. ಕೆಳಗಿನ ಅಂಚಿನಲ್ಲಿ ಅಂಟು ಸ್ವಲ್ಪ ಬಿಟ್ಟದ್ದು ನಿಜ, ಅದಕ್ಕೂ ಪೋಸ್ಟಿಗೂ ಸೇರಿಸಿ ಹಣ ಪಡೆದರು.

ವಾದ್ಯ ಕೈಗೆ ಬಂದಾಗ ಜೋರಾಗಿ ಕೇಳುತ್ತಿತ್ತು, ಆದರೆ ತಾರ ಸ್ಥಾಯಿ ಕೀರಲು, ಮಂದ್ರ ಸತ್ತಂತೆ. ‘ಸೌಂಡ್ ಓಪನ್ ಆಗಲು ಆರು ತಿಂಗಳು ಬೇಕು, ದಿನಾ ನುಡಿಸಿ’ ಎಂದರು. ನುಡಿಸಿದೆ. ನವರಾತ್ರಿಗೆ ದೇವಸ್ಥಾನದಲ್ಲಿ ಒಬ್ಬ ಹುಡುಗಿಯ ಹಾಡಿಗೆ ಪಕ್ಕವಾದ್ಯಕ್ಕೆ ಕುಳಿತಾಗ ಮಧ್ಯ ಸ್ಥಾಯಿಯ ಪಂಚಮ ಬಂದಾಗಲೆಲ್ಲ ಕರಕರ ಸದ್ದು ಶುರುವಾಯಿತು. ಮೈಕ್ ಅದನ್ನೇ ಎತ್ತಿ ಸಭೆಗೆಲ್ಲ ಕೇಳಿಸಿತು. ಮೃದಂಗದವರು ತಿರುಗಿ ತಿರುಗಿ ನೋಡಿದರು, ನನ್ನ ಶಿಷ್ಯರ ತಂದೆತಾಯಂದಿರು ಎದುರಿಗೇ ಕುಳಿತಿದ್ದರು. ‘ಮೊನ್ನೆಯಷ್ಟೇ ಸರಿಮಾಡಿಸಿ ತಂದದ್ದಲ್ಲವೇ?’ ಎಂದು ಆಮೇಲೆ ಒಬ್ಬರು ಕೇಳಿದಾಗ ನನಗೆ ಉತ್ತರ ಹೊರಡಲಿಲ್ಲ.

ಮರುದಿನ ಮೇಲ್ಹಲಗೆಯಲ್ಲಿ f ಅಕ್ಷರದಂತೆ ಕೊರೆದಿರುವ ಎಫ್ ರಂಧ್ರದ ಪಕ್ಕದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಕಮಾನು ಎಳೆದೆ, ಕರಕರ ನಿಂತಿತು. ಬೆರಳು ತೆಗೆದೆ, ಮತ್ತೆ ಬಂತು. ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನೂ ಸಣ್ಣ ಬಲ್ಬನ್ನೂ ಒಳಗಿಳಿಸಿ ನೋಡಿದಾಗ ಕಂಡದ್ದು ಇಷ್ಟು. ಪೋಸ್ಟ್ ವಾಲಿಕೊಂಡು ನಿಂತಿದೆ, ಅದರ ಮೇಲ್ತುದಿಯ ಒಂದು ಅಂಚು ಮಾತ್ರ ಹಲಗೆಗೆ ತಾಗಿ ಮೆತ್ತನೆಯ ಸ್ಪ್ರೂಸಿನೊಳಗೆ ಕಚ್ಚಿ ಇಳಿದಿದೆ. ಉದ್ದ ಹೆಚ್ಚಾದ ಕಡ್ಡಿಯನ್ನು ಬಲವಂತವಾಗಿ ತುರುಕಿದ್ದಾರೆ. ಅಲ್ಲಿಂದಲೇ ಮರದ ಎಳೆಯ ಗುಂಟ ಬಿರುಕು ಕೆಳಗಿನವರೆಗೆ ಹರಿದಿದೆ. ಎಫ್ ರಂಧ್ರದ ಅಂಚು ಲೋಹದ ಉಪಕರಣ ತಾಗಿ ಜಜ್ಜಿಹೋಗಿದೆ. ಕೆಳಗಿನ ಅಂಚಿನ ಉದ್ದಕ್ಕೂ ಬಿಳಿ ಅಂಟು ಒಳಗೆ ಇಳಿದು ಹನಿಹನಿಯಾಗಿ ಒಣಗಿ ನಿಂತಿದೆ. ಅದು ನಾವೆಲ್ಲ ಫೆವಿಕಾಲ್ ಎಂದು ಕರೆಯುವ ಬಗೆಯ, ಬಡಗಿಗಳು ಕಪಾಟಿಗೆ ಹಾಕುವ ಅಂಟು.

ಪಿಟೀಲಿಗೆ ಹಾಕುವುದು ಹೈಡ್ ಗ್ಲೂ ಎಂಬ ಚರ್ಮದ ಅಂಟನ್ನು; ಅದನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಮಾಡಿ ಬಳಸುತ್ತಾರೆ, ಬೇಕಾದಾಗ ಬಿಸಿ ತೇವ ಕೊಟ್ಟು ಬಿಡಿಸುತ್ತಾರೆ. ನಮ್ಮ ಮಳೆ-ಬಿಸಿಲಿಗೆ ಮರ ಹಿಗ್ಗಿ ಕುಗ್ಗುವಾಗ ಮೊದಲು ಆ ಅಂಟು ಬಿಟ್ಟುಕೊಟ್ಟು ಹಲಗೆಯನ್ನು ಕಾಪಾಡುತ್ತದೆ. ಕಪಾಟಿನ ಅಂಟು ಬಿಡುವುದಿಲ್ಲ, ಆಗ ಹಲಗೆಯೇ ಸೀಳಬೇಕಾಗುತ್ತದೆ. ಸೆಟಪ್ ಕಲಿಸುವವರಿಗೆ ಇದು ಗೊತ್ತಿಲ್ಲ ಎಂದರೆ ನಂಬಲು ಸಾಧ್ಯವೇ? ಗೊತ್ತಿದ್ದೂ ಹಾಕಿದರೆ ಅದಕ್ಕೆ ಏನೆನ್ನಬೇಕು?

ಫೋಟೋಗಳನ್ನು ಕಳುಹಿಸಿದೆ. ಮೊದಲ ಉತ್ತರ: ‘ನೀವು ಶ್ರುತಿ ಇಳಿಸಿ ನುಡಿಸುತ್ತೀರಿ, ತಂತಿ ಸಡಿಲವಾದರೆ ಕರಕರ ಬರದೆ ಇನ್ನೇನು?’ ಇದೇ ವಾದ್ಯವನ್ನು ಇದೇ ಶ್ರುತಿಯಲ್ಲಿ ವರ್ಷಗಟ್ಟಲೆ ನುಡಿಸಿದ್ದೇನೆ ಎಂದು ಬರೆದೆ. ‘ಹಳೆಯ ಮರ, ಮಳೆಗಾಲ, ಒಡೆಯುತ್ತದೆ’ ಎಂದು ಬಂತು. ಬಿರುಕು ಪೋಸ್ಟಿನ ಜಾಗದಿಂದಲೇ ಹೊರಟಿರುವುದನ್ನು ಗುರುತು ಹಾಕಿ ತೋರಿಸಿದೆ. ‘ಬಿರುಕು ಮೊದಲೇ ಇತ್ತು, ನಾವು ನಿಮಗೆ ಹೇಳಿದ್ದೆವು’ ಎಂದರು. ಹೇಳಿಯೇ ಇರಲಿಲ್ಲ. ನಾನು ಕೊಡುವ ಮೊದಲು ತೆಗೆದ ಫೋಟೋದಲ್ಲಿ ಹಲಗೆ ನುಣ್ಣಗಿದೆ, ಅದನ್ನೂ ಕಳುಹಿಸಿದೆ. ಆಗ ಬಂದ ಮಾತು ನನಗೆ ಇಂದಿಗೂ ನಿದ್ದೆ ಕೆಡಿಸುತ್ತದೆ: ‘ನಿಮ್ಮ ಕಿವಿ ಇನ್ನೂ ತಯಾರಾಗಿಲ್ಲ, ಒಳ್ಳೆಯ ನಾದ ನಿಮಗೆ ಹಿಡಿಸುವುದಿಲ್ಲ. ಅಡ್ವಾನ್ಸ್ ಕೋರ್ಸಿಗೆ ಬನ್ನಿ, ರಿಯಾಯಿತಿ ಕೊಡುತ್ತೇವೆ.’ ವಾದ್ಯ ಒಡೆದವರು ಅದರ ಮೇಲೆ ಮತ್ತೆ ಶುಲ್ಕ ಕೇಳುತ್ತಿದ್ದಾರೆ. ಹಣ ಹಿಂದಿರುಗಿಸಿ ಎಂದ ಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿ, ತರಗತಿಯ ಗುಂಪಿನಿಂದಲೂ ತೆಗೆದರು.

ಮಂಗಳೂರಿನಲ್ಲಿ ಅನುಭವಸ್ಥ ರಿಪೇರಿಯವರೊಬ್ಬರಿಗೆ ತೋರಿಸಿದ್ದೇನೆ. ಮೇಲ್ಹಲಗೆ ಕಳಚಿ, ಬಿರುಕು ಕೂಡಿಸಿ, ಪೋಸ್ಟ್ ನಿಲ್ಲುವ ಜಾಗದಲ್ಲಿ ಒಳಗಿನಿಂದ ಹೊಸ ಸ್ಪ್ರೂಸ್ ತೇಪೆ ಕೂರಿಸಬೇಕಂತೆ. ಬಿಳಿ ಅಂಟು ಇರುವ ಕಡೆ ಹಲಗೆ ಕಳಚುವಾಗ ಅಂಚು ಕಿತ್ತುಬರುವ ಸಾಧ್ಯತೆಯನ್ನೂ ಅವರು ಮುಚ್ಚಿಡಲಿಲ್ಲ. ಅದಕ್ಕೆ ಆಗುವ ಖರ್ಚು ನಾನು ಕೊಟ್ಟ ಶುಲ್ಕಕ್ಕಿಂತ ಹೆಚ್ಚು.

ಇಂಥ ತರಗತಿಗೆ ಹೋಗುವ ಯೋಚನೆ ಇದ್ದವರು ಮೊದಲು ಒಂದೇ ಪ್ರಶ್ನೆ ಕೇಳಿ: ಯಾವ ಅಂಟು ಬಳಸುತ್ತೀರಿ, ಅದನ್ನು ಬಿಸಿ ಮಾಡುವ ಪಾತ್ರೆ ತೋರಿಸಿ. ಅಗ್ಗದ ಪಿಟೀಲೊಂದರಲ್ಲಿ ನಿಮ್ಮ ಕಣ್ಣೆದುರೇ ಪೋಸ್ಟ್ ತೆಗೆದು ಕೂರಿಸಲು ಹೇಳಿ, ಕನ್ನಡಿಯಲ್ಲಿ ಎರಡೂ ತುದಿ ನೋಡಿ. ವಾದ್ಯವನ್ನು ಬಾಗಿಲ ಆಚೆ ಒಯ್ಯಲು ಬಿಡಬೇಡಿ. ಕೊಡಲೇಬೇಕಾದರೆ ಒಳಗೂ ಹೊರಗೂ ಫೋಟೋ ತೆಗೆದಿಡಿ. ನನ್ನ ಕೈಯಲ್ಲಿ ಉಳಿದಿರುವ ಸಾಕ್ಷಿ ಅದೊಂದೇ. ರಸೀದಿ ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇನೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಎರಡು ವರ್ಷದೊಳಗೆ ಕೊಡಬೇಕು. ನಮ್ಮ ತಂಡದಲ್ಲಿ ವಾದ್ಯ ಹಾಳಾದವರು ಇನ್ನೂ ಇದ್ದಾರೆ, ನಾಚಿಕೆಯಿಂದ ಬಾಯಿ ಬಿಡುತ್ತಿಲ್ಲ. ಹಣ ಕಳುಹಿಸಿದ ದಾಖಲೆ, ಅವರು ಕೊಟ್ಟ ಉತ್ತರಗಳ ಸ್ಕ್ರೀನ್‌ಶಾಟ್, ವಾದ್ಯದ ಫೋಟೋ ಏನಿದ್ದರೂ ಅಳಿಸದೆ ಇಟ್ಟು ನನಗೆ ತಿಳಿಸಿ. ಹೊಸ ತಂಡಕ್ಕೆ ಈಗಾಗಲೇ ಮುಂಗಡ ಕೊಟ್ಟವರಿದ್ದರೆ ತರಗತಿ ಶುರುವಾಗುವ ಮೊದಲೇ, ಬರಹದಲ್ಲಿ, ಹಣ ಹಿಂದಕ್ಕೆ ಕೇಳಿ.