249ರ ತಿರುವಿನಿಂದ 315ಕ್ಕೆ: ಎನ್ ಸ್ಕೇಲ್ ರೈಲಿನೊಂದಿಗೆ ನಾಲ್ಕು ವರ್ಷ

ಡೊಂಬಿವಲಿಯ ನಮ್ಮ ಮನೆಯಲ್ಲಿ ಮಾದರಿ ರೈಲಿಗೆ ದಕ್ಕಿದ ಜಾಗವೆಂದರೆ ಮಂಚದ ಕೆಳಗೆ ಸರಿಸಿಡಬಹುದಾದ, 4 ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಹಲಗೆ. 1:87 ಪ್ರಮಾಣದ, ಅಂದರೆ ನಿಜ ರೈಲಿನ 87ನೇ ಒಂದು ಭಾಗದಷ್ಟಿರುವ, ಎಚ್‌ಒ ರೈಲಿನ ತಿರುವಿಗೆ ರೂಢಿಯ 18 ಇಂಚಿನ ತ್ರಿಜ್ಯ ಹಾಕಿದರೆ ವೃತ್ತವೇ 3 ಅಡಿ ದಾಟುವುದರಿಂದ 1:160 ಪ್ರಮಾಣದ, 9 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಂತರದ) ಎನ್ ಸ್ಕೇಲ್ ಆರಿಸಿಕೊಂಡು ಜಪಾನಿನ ಕಾಟೊ ಕಂಪನಿಯ ಯುನಿಟ್ರ್ಯಾಕ್ ಹಳಿಗಳನ್ನು ಕೊಂಡೆ. ಜಲ್ಲಿಯ ತಳ ಹಳಿಗೇ ಕೂಡಿ ಬರುವುದರಿಂದ ಜೋಡಿಸುವುದು ಸುಲಭ.

ಎಡವಿದ್ದು ತಿರುವಿನ ತ್ರಿಜ್ಯದಲ್ಲಿ, ಅದೂ ನಾನಾಗಿಯೇ. ಜಾಗ ಉಳಿಯಲೆಂದು 249 ಮಿ.ಮೀ. ತ್ರಿಜ್ಯದ ತಿರುವು ಹಾಕಿ, ಅದರ ಮೇಲೆ 160 ಮಿ.ಮೀ. ಉದ್ದದ ಅಮೆರಿಕನ್ ಪ್ಯಾಸೆಂಜರ್ ಡಬ್ಬಿಗಳನ್ನು ಓಡಿಸಿದೆ. ಅತಿ ಉದ್ದದ ಡಬ್ಬಿಯ ಮೂರು ಪಟ್ಟಾದರೂ ತ್ರಿಜ್ಯವಿರಬೇಕೆಂಬುದು ಹವ್ಯಾಸಿಗಳ ಲೆಕ್ಕ. ನನ್ನಲ್ಲಿ ಎರಡು ಪಟ್ಟೂ ಇರಲಿಲ್ಲ. ಡಬ್ಬಿಗಳನ್ನು ಜೋಡಿಸುವ ಕೊಂಡಿಗಳು ಬೋಗಿಗೇ (ಡಬ್ಬಿಯಡಿ ತಿರುಗುವ ಚಕ್ರಗಳ ಚೌಕಟ್ಟಿಗೆ) ಅಂಟಿಕೊಂಡಿದ್ದರಿಂದ ಡಬ್ಬಿಗಳು ಹಳಿ ತಪ್ಪಲಿಲ್ಲ, ಆದರೆ ತಿರುವಿನಲ್ಲಿ ಅವುಗಳ ನಡುಭಾಗ 6 ಮಿ.ಮೀ.ಗಿಂತ ಹೆಚ್ಚು ಒಳಕ್ಕೆ ಚಾಚಿ ಪ್ಲಾಟ್‌ಫಾರ್ಮಿನ ಅಂಚನ್ನು ಉಜ್ಜುತ್ತಿತ್ತು. ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದ ನನ್ನ ಮಾವನವರು ಅದನ್ನು ನೋಡಿ, "ಅಳಿಯಂದಿರ, ಡಬ್ಬಿ ಹಳೀ ಬಿಟ್ಟು ಹೊರಗ ಹೊಂಟಾವಲ್ರಿ" ಎಂದು ನಕ್ಕರು.

ಎರಡನೆಯ ವರ್ಷ ಹೊರಸುತ್ತಿಗೆ 315 ಮಿ.ಮೀ. ತಿರುವು ಹಾಕಿದೆ. ಚಾಚು ಸುಮಾರು 5 ಮಿ.ಮೀ.ಗೆ ಇಳಿಯಿತು, ಒಂದೇ ಮಿ.ಮೀ.ನಷ್ಟು ವ್ಯತ್ಯಾಸವಾದರೂ ಪ್ಲಾಟ್‌ಫಾರ್ಮ್ ಉಳಿಯಿತು, ನೋಟಕ್ಕೂ ಹಿತವಾಯಿತು. ಒಳಸುತ್ತಿನ 249ರ ಮೇಲೆ ಈಗ ನಾಲ್ಕು ಆಕ್ಸಲ್‌ಗಳ ಗಿಡ್ಡ ಡೀಸೆಲ್ ಎಂಜಿನ್ ಮತ್ತು ಗೂಡ್ಸ್ ವ್ಯಾಗನ್‌ಗಳು ಮಾತ್ರ ಓಡುತ್ತವೆ. ಬೇರೊಂದು ಕಂಪನಿಯ ಸೆಕೆಂಡ್ ಹ್ಯಾಂಡ್ ಉಗಿ ಎಂಜಿನ್, ತಿರುವಿಗೆ ತಕ್ಕಂತೆ ಹೊರಳದ ಉದ್ದನೆಯ ಗಟ್ಟಿ ಚಕ್ರಸಾಲಿನಿಂದಾಗಿ, ಅಲ್ಲಿ ಒಂದು ಸುತ್ತನ್ನೂ ಪೂರೈಸಲಿಲ್ಲ.

ಮುಂಬೈ ಕಡೆಯ ಮಳೆಗಾಲದ ತೇವಕ್ಕೆ ನಿಕಲ್ ಸಿಲ್ವರ್ ಹಳಿ ಮಸುಕಾಗಿ ಎಂಜಿನ್ ತಡವರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುತ್ತೇನೆ.

ಒಂದರ ಬೆನ್ನಿಗೊಂದು ಬರುವ ಎಡ-ಬಲ ತಿರುವುಗಳ ನಡುವೆ ಒಂದು ಡಬ್ಬಿಯುದ್ದದ ನೇರ ಹಳಿ ಬೇಕೇ ಬೇಕು. ಸೈಡಿಂಗ್ (ಪಕ್ಕಕ್ಕೆ ಕವಲೊಡೆಯುವ ಹಳಿ) ಸೇರಿಸಿದಾಗ ಅದನ್ನು ಮರೆತು ಎರಡು ಸಲ ಬಿಚ್ಚಿದೆ. 348 ಮಿ.ಮೀ. ತಿರುವನ್ನೂ ಈ ಹಲಗೆಯ ಮೇಲೆ ಹೇಗೋ ಹಿಡಿಸಬಹುದು. ಆದರೆ ಆಗ ಅಂಚಿಗೂ ಹಳಿಯ ತಳಕ್ಕೂ ನಡುವೆ ಸುಮಾರು ಎರಡು ಸೆಂ.ಮೀ. ಮಾತ್ರ ಉಳಿಯುತ್ತದೆ, ಹಳಿ ತಪ್ಪಿದ ಎಂಜಿನ್ ಸೀದಾ ನೆಲಕ್ಕೇ ಹೋಗುತ್ತದೆ; ಆದ್ದರಿಂದ 315ಕ್ಕೇ ನಿಂತಿದ್ದೇನೆ.