ತಾರಸಿ ಮೇಲೆ ಪಾಲು ಸೋಲಾರ್: ಹಾಕಿದ ದುಡ್ಡು ವಾಪಸ್ ಬರ್ತಾ ಇದೆಯಾ?

ಬಳ್ಳಾರಿಯಲ್ಲಿ ನಮ್ಮದು 40 ಮನೆಗಳ ಅಪಾರ್ಟ್‌ಮೆಂಟ್. ನಿವಾಸಿಗಳೆಲ್ಲ ಪಾಲು ಹಾಕಿ, ಸಂಘದ ಹೆಸರಲ್ಲಿ ತಾರಸಿ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಬೇಸಿಗೆ, ಮಳೆಗಾಲ ಎರಡನ್ನೂ ನೋಡಿದ ಮೇಲೆ ಈ ಲೆಕ್ಕ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಯಾವ ಮೀಟರ್‌ಗೆ ಜೋಡಿಸುತ್ತೀರಿ ಅನ್ನೋದನ್ನು ನೋಡಿ. ಗೃಹಜ್ಯೋತಿ ಬಂದಾಗಿನಿಂದ, ಅಂದ್ರೆ 2023ರ ಆಗಸ್ಟ್‌ನಿಂದ, ನಮ್ಮಲ್ಲಿ ಬಹಳ ಮನೆಗಳಿಗೆ ಸೊನ್ನೆ ಬಿಲ್. ಸೊನ್ನೆ ಬಿಲ್ ಇರುವ ಮೀಟರ್‌ಗೆ ಸೋಲಾರ್ ಹಾಕಿದರೆ ಉಳಿಯೋದೇನು? ಆದರೆ ಲಿಫ್ಟ್, ಬೋರ್‌ವೆಲ್, ಸಂಪಿನ ಮೋಟರ್, ಮೆಟ್ಟಿಲ ದೀಪ ಇವೆಲ್ಲ ಓಡುವ ಕಾಮನ್ ಮೀಟರ್‌ಗೆ ಪೂರ್ತಿ ಬಿಲ್ ಬರುತ್ತದೆ. ತಿಂಗಳಿಗೆ ಸುಮಾರು 2,400 ಯೂನಿಟ್. ನಾವು ಜೋಡಿಸಿದ್ದು ಅದಕ್ಕೆ. ಈ ಹೂಡಿಕೆ ಗೆದ್ದಿದ್ದೇ ಇಲ್ಲಿ.

ಒಟ್ಟು ಖರ್ಚು 10 ಲಕ್ಷ, ಅಂದ್ರೆ ಮನೆಗೆ 25,000 ರೂಪಾಯಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಂಘಗಳ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಒಂಟಿ ಮನೆಗೆ ಸಿಗುವುದಕ್ಕಿಂತ ಇದು ಕಡಿಮೆ. ಅಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000. ಈ ದುಡ್ಡು ಬರೋದು ಎಲ್ಲಾ ಜೋಡಿಸಿ ಮುಗಿದ ಮೇಲೆ, ಹಾಗಾಗಿ ಪೂರ್ತಿ ಮೊತ್ತ ಮೊದಲೇ ಕೈಯಲ್ಲಿರಬೇಕು. ನಮಗೆ 3.6 ಲಕ್ಷ ಬಂತು, ಮನೆಗೆ 9,000 ವಾಪಸ್ ಕೊಟ್ಟೆವು. ನಿಂತಿದ್ದು 16,000. ನಮಗೆ ಪ್ಯಾನೆಲ್ ಹಾಕಿದವರು ನೆಟ್ ಮೀಟರ್‌ನ, ಅಂದ್ರೆ ಲೈನ್‌ನಿಂದ ತಗೊಂಡ ಮತ್ತು ಲೈನ್‌ಗೆ ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್‌ನ, ಕಾಗದ ಪತ್ರ ಸಲ್ಲಿಸೋಕೆ ತಿಂಗಳುಗಟ್ಟಲೆ ತಡ ಮಾಡಿದರು. ಅಷ್ಟು ದಿನ ಪ್ಯಾನೆಲ್ ಸುಮ್ನೆ ಬಿಸಿಲು ಕಾಯ್ದವು. ಕೊನೇ ಕಂತನ್ನು ನೆಟ್ ಮೀಟರ್ ಕೂತ ಮೇಲೆಯೇ ಕೊಡಿ.

ನಮ್ಮ ಕಡೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹಿಡಿಯಬಹುದು. ವರ್ಷಕ್ಕೆ 28,000 ಯೂನಿಟ್ ಅಂದುಕೊಳ್ಳಿ. ತೆರಿಗೆ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿಯಂತೆ 1.82 ಲಕ್ಷ ಉಳಿತಾಯ. ಫಿಕ್ಸೆಡ್ ಚಾರ್ಜ್ ಮಾತ್ರ ಕಟ್ಟಲೇಬೇಕು. ತೊಳೆಯೋ ಕೂಲಿ, ವಿಮೆ, ಸಣ್ಣಪುಟ್ಟ ರಿಪೇರಿ ಕಳೆದರೆ ಮನೆಗೆ 4,000 ಉಳಿಯುತ್ತದೆ. ಅದರಲ್ಲಿ 500 ತೆಗೆದಿಡುತ್ತೇವೆ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇದ್ದರೂ, ಅದರ ಕರೆಂಟನ್ನು ನಾವು ಬಳಸುವ ಎಸಿ ಕರೆಂಟ್ ಮಾಡುವ ಇನ್ವರ್ಟರ್ ಅಷ್ಟು ಬಾಳಲ್ಲ, ಹತ್ತು ಹನ್ನೆರಡು ವರ್ಷಕ್ಕೆ ಬದಲಾಯಿಸಬೇಕಾಗುತ್ತದೆ. ಉಳಿದ 3,500ರ ಲೆಕ್ಕದಲ್ಲಿ ಹಾಕಿದ ದುಡ್ಡು ವಾಪಸ್ ಬರೋಕೆ ನಾಲ್ಕೂವರೆ ವರ್ಷ ಬೇಕು. ಎಫ್‌ಡಿ ಜೊತೆ ಹೋಲಿಸುವವರು ಇದನ್ನು ಮರೀಬಾರದು. ಅಲ್ಲಿ ಬಡ್ಡಿ ಕಡಿಮೆ, ಆದರೆ ಅಸಲು ಕೈಗೆ ಬರುತ್ತದೆ. ಇಲ್ಲಿ ಮೊದಲ ನಾಲ್ಕೂವರೆ ವರ್ಷ ಬರೋದೆಲ್ಲ ನಮ್ಮದೇ ಅಸಲು, ಲಾಭ ಶುರುವಾಗೋದು ಆಮೇಲೆ.

ಬಿಸಿಲೂರು ಅಂತ ಲೆಕ್ಕ ಉಬ್ಬಿಸಬೇಡಿ. ಏಪ್ರಿಲ್, ಮೇನಲ್ಲಿ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ 0.3ರಿಂದ 0.4 ಇಳಿಯುತ್ತದೆ. ಜೊತೆಗೆ ನಮ್ಮೂರ ಕೆಂಪು ಧೂಳು. ಬೆರಳಿಂದ ಗೀಚಿದರೆ ಗೆರೆ ಮೂಡುವಷ್ಟು ಕೂತಿರುತ್ತದೆ. ಮೊದಲು ಬೋರ್ ನೀರಲ್ಲಿ ತೊಳೆಸುತ್ತಿದ್ದೆವು. ಗಾಜಿನ ಕೆಳ ಅಂಚಲ್ಲಿ ನೀರು ನಿಂತು ಒಣಗಿ, ಸುಣ್ಣದಂಥ ಬಿಳಿ ಪಟ್ಟಿ ಕಟ್ಟಿತು. ಉಜ್ಜಿದರೂ ಹೋಗಲಿಲ್ಲ. ಈಗ ನಲ್ಲಿ ನೀರಲ್ಲಿ, ಬಿಸಿಲೇರುವ ಮೊದಲೇ ತೊಳೆಸುತ್ತೇವೆ. ಕಾದ ಗಾಜಿಗೆ ತಣ್ಣೀರು ಬೀಳಬಾರದು.

ಕರೆಂಟ್ ಹೋದಾಗ ಲಿಫ್ಟ್ ಓಡಲ್ಲ. ಬ್ಯಾಟರಿ ಇಲ್ಲದ ಈ ಬಗೆಯ ಸೋಲಾರ್, ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇದನ್ನು ಪಾಲುದಾರರಿಗೆ ಮೊದಲೇ ಬಿಡಿಸಿ ಹೇಳಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಸಂಘದ ಬೈಲಾದಲ್ಲಿ ಎರಡು ಮಾತು ಬರೆಸಿದ್ದು ನನಗೆ ಬಹಳ ಇಷ್ಟ. ಪಾಲಿನ ಲಾಭ ಮನೆ ಮಾಲೀಕರಿಗೆ, ಮೇಂಟೆನೆನ್ಸ್‌ನಲ್ಲಿ ಕಳೆದು ಕೊಡಬೇಕು. ಮನೆ ಮಾರಿದರೆ ಪಾಲು ಮನೆ ಜೊತೆಗೇ ಹೋಗುತ್ತದೆ, ಅದರ ಬೆಲೆ ವರ್ಷ ವರ್ಷ ಇಳಿಯುತ್ತದೆ. ಮನೆ ಮಾರಿ ಹುಬ್ಬಳ್ಳಿಗೆ ಹೋದ ಒಬ್ಬರಿಗೆ ಇದರಿಂದ ತಕರಾರಿಲ್ಲದೆ ಲೆಕ್ಕ ಮುಗಿಯಿತು.

ಈಗ ಇನ್ನೂ 10 ಕಿಲೋವ್ಯಾಟ್ ಹಾಕೋಣ ಅನ್ನೋ ಮಾತು ಎದ್ದಿದೆ. ನಾನು ಬೇಡ ಅಂದಿದ್ದೇನೆ. ನಮ್ಮ ಬಳಕೆ ಮೀರಿ ಲೈನ್‌ಗೆ ಹೋಗುವ ಯೂನಿಟ್‌ಗೆ ಸಿಗೋ ದರ, ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಕಾರು, ಸ್ಕೂಟರ್ ಚಾರ್ಜಿಂಗ್ ಕಾಮನ್ ಮೀಟರ್‌ಗೆ ಬಂದು ಬಳಕೆ ಏರಿದರೆ ಆಗ ನೋಡೋಣ.